ಸೋತವರಿಗೆ ಮಾತ್ರ ಕಂಡದ್ದು

ಹುಬ್ಬಳ್ಳಿಯ ವಿದ್ಯಾನಗರದ ಸಭಾಂಗಣವೊಂದರಲ್ಲಿ ಹದಿನೈದು ಮಂದಿ ಆಟದ ವಿಮರ್ಶಕರು ಸಾಲಾಗಿ ಕೂತಿದ್ದರು. ಹದಿನಾಲ್ಕು ಮಂದಿಯ ಕೈಗಳಿಗೆ ಮೊಣಕೈವರೆಗೆ ಬೂದುಬಣ್ಣದ ತೆಳ್ಳನೆಯ ಗವಸು. ಎದುರಿನ ಪರದೆಗಳಲ್ಲಿ ಗುರುಗ್ರಹದ ಚಂದ್ರ ಯುರೋಪಾದ ಹಿಮದಡಿಯ ಸುರಂಗ, ಅದರ ಬಾಯಿಗೆ ಅಡ್ಡ ನಿಂತ ಆರು ತೋಳಿನ ಯಂತ್ರ. ಹದಿನಾಲ್ಕು ಜೋಡಿ ಕೈಗಳು ಒಂದೇ ಗುಂಡಿಯನ್ನು ಒಂದೇ ಕ್ಷಣದಲ್ಲಿ ಒತ್ತಿದವು. ನಲವತ್ತೊಂದು ಸೆಕೆಂಡಿಗೆ ಹದಿನಾಲ್ಕು ಪರದೆಗಳಲ್ಲೂ ಯಂತ್ರ ಮಗುಚಿ ಬಿತ್ತು. ಯಾರೋ ಆಕಳಿಸಿದರು.

ಹದಿನೈದನೆಯವಳು ಸ್ಫೂರ್ತಿ ಯಲಿಗಾರ. ಅವಳದು ಬರಿಗೈ. ಅಷ್ಟರಲ್ಲಿ ಅವಳು ಮೂರು ಸಲ ಸತ್ತಾಗಿತ್ತು.

ಅದು ೨೦೬೧ನೆಯ ಇಸವಿ. ಸ್ಫೂರ್ತಿಗೆ ಅರವತ್ತು ತುಂಬಿತ್ತು. ಕಾಲೇಜಿನ ದಿನಗಳಿಂದಲೂ ವೀಡಿಯೊ ಆಟ ಆಡಿಕೊಂಡು, ಅವುಗಳ ಬಗ್ಗೆ ಕನ್ನಡದಲ್ಲಿ ಬರೆದುಕೊಂಡು ಬಂದವಳು. ಅವಳ ಬೆರಳುಗಳಿಗೆ ಈಗ ಮೊದಲಿನ ಚುರುಕಿರಲಿಲ್ಲ. ಆದರೂ ಆಯೋಜಕರು ಕೊಟ್ಟ ಗವಸನ್ನು ಮಡಚಿ ಮೇಜಿನ ಮೇಲಿಟ್ಟು, "ನನಗ ಬ್ಯಾಡ್ರಿ" ಅಂದಿದ್ದಳು.

ಆ ಗವಸಿನ ಹೆಸರು ಸ್ನಾಯುಸ್ಮೃತಿ ಕವಚ. ಜನ ಅದನ್ನು ಕರೆಯುತ್ತಿದ್ದದ್ದು ‘ಎರವಲು ಕೈ’ ಎಂದು. ಧಾರವಾಡದ ನರಚಿಕಿತ್ಸಾ ಕೇಂದ್ರವೊಂದರಲ್ಲಿ ಡಾ. ಇಂಚರಾ ನಾಡಗೌಡ ಎಂಬ ವಿಜ್ಞಾನಿ ಅದನ್ನು ರೂಪಿಸಿ ಆರು ವರ್ಷಗಳಾಗಿದ್ದವು. ನಾವು ಕೈಯಿಂದ ಏನೇ ಕೆಲಸ ಮಾಡಲಿ, ಮಿದುಳು ಸ್ನಾಯುಗಳಿಗೆ ಅತಿ ಸಣ್ಣ ವಿದ್ಯುತ್ ಮಿಡಿತಗಳ ಮೂಲಕ ಅಪ್ಪಣೆ ಕಳಿಸುತ್ತದೆ. ಕುಶಲ ಕೈಯೊಂದರ ಮಿಡಿತಗಳನ್ನು ಕವಚ ದಾಖಲಿಸಿಕೊಳ್ಳುತ್ತಿತ್ತು. ಇನ್ನೊಬ್ಬರು ತೊಟ್ಟಾಗ ಅದೇ ಮಿಡಿತಗಳನ್ನು ಅವರ ಸ್ನಾಯುಗಳಿಗೆ ಕೊಡುತ್ತಿತ್ತು. ಪಾರ್ಶ್ವವಾಯು ಬಡಿದವರು ಮತ್ತೆ ಊಟ ಮಾಡಲಿ, ಗುಂಡಿ ಹಾಕಿಕೊಳ್ಳಲಿ ಎಂದು ಹುಟ್ಟಿದ ವಸ್ತು ಅದು. ಎರಡೇ ವರ್ಷಗಳಲ್ಲಿ ಆಸ್ಪತ್ರೆ ದಾಟಿ ಹೊರಗೆ ಬಂತು. ಮದುವೆಮನೆಯಲ್ಲಿ ಮೆಹಂದಿ ಹಾಕುವವರು ತೊಟ್ಟರು, ವೀಣೆ ಬಾರದವರು ತೊಟ್ಟು ನುಡಿಸಿದರು. ಆಟಗಾರರಂತೂ ಬಿಡಲೇ ಇಲ್ಲ. ಅಂದು ಆ ಸಭಾಂಗಣದಲ್ಲಿ ಹದಿನಾಲ್ಕು ಮಂದಿಯೂ ತೊಟ್ಟಿದ್ದದ್ದು ಮಂಗಳೂರಿನ ಚಾಂಪಿಯನ್ ಒಬ್ಬಳ ಕೈಗಳನ್ನು.

ಸ್ಫೂರ್ತಿ ಒಲ್ಲೆ ಎಂದದ್ದು ಹಟದಿಂದಲ್ಲ. ಆ ಕವಚ ಏನು ಮಾಡುತ್ತದೆ ಎಂಬುದನ್ನು ಅವಳು ದಿನವೂ ಮನೆಯಲ್ಲಿ ಕಾಣುತ್ತಿದ್ದಳು.

ಅವಳ ಗಂಡ ಪ್ರಜ್ವಲ ರೈಲ್ವೆಯಲ್ಲಿ ಸಿಗ್ನಲ್ ತಂತ್ರಜ್ಞನಾಗಿದ್ದು ನಿವೃತ್ತನಾದವನು. ಮನೆಯಲ್ಲಿ ರೊಟ್ಟಿ ಬಡಿಯುವವನು ಅವನೇ. ಸ್ಫೂರ್ತಿಗೆ ಅದು ಎಂದೂ ಒಲಿದಿರಲಿಲ್ಲ. ಎಂಟು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಅವನ ಬಲಗೈ ಬಿದ್ದುಹೋಯಿತು. ಈಗ ಕವಚ ತೊಟ್ಟರೆ ನವಲಗುಂದದ ಹೆಣ್ಣುಮಗಳೊಬ್ಬಳ ಕೈ ಅವನಿಗೆ ಬರುತ್ತಿತ್ತು. ಹಿಟ್ಟು ತಟತಟ ಅಗಲವಾಗುತ್ತಿತ್ತು, ರೊಟ್ಟಿ ಹುಣ್ಣಿಮೆಯಷ್ಟು ದುಂಡಗಾಗುತ್ತಿತ್ತು. ಕವಚ ತೆಗೆದರೆ ಕೈ ಒದ್ದೆ ಬಟ್ಟೆಯ ಹಾಗೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಒಮ್ಮೆ ಊಟಕ್ಕೆ ಕೂತಾಗ ಅವನು, "ರೊಟ್ಟಿ ಭಾಳ ಛಲೋ ಆಗ್ಯಾವ. ಯಾರು ಮಾಡ್ಯಾರೋ ಏನೋ" ಅಂದ.

ಆಟದ ಹೆಸರು ‘ಹಿಮಗರ್ಭ–೨’. ಹುಬ್ಬಳ್ಳಿಯದೇ ಆದ ‘ಬೆಳಕಿಂಡಿ’ ಎಂಬ ಆರು ಮಂದಿಯ ತಂಡ ಅದನ್ನು ಮಾಡಿತ್ತು. ಯುರೋಪಾದ ಹಿಮದಡಿ ಕಳೆದುಹೋದ ತನ್ನವರನ್ನು ಗಗನಯಾತ್ರಿಯೊಬ್ಬಳು ಹುಡುಕಿ ಹೋಗುವ ಕತೆ. ಮೊದಲ ಭಾಗವನ್ನು ನಾಡೆಲ್ಲ ಮೆಚ್ಚಿತ್ತು. ತಂಡದ ಮುಖ್ಯಸ್ಥ ತನ್ಮಯ ಕಿತ್ತೂರ ಎರಡನೆಯದನ್ನು ಏಳು ವರ್ಷ ತಿದ್ದಿ, ಬೇಕೆಂದೇ ಬಲು ಕಷ್ಟದ ಆಟವಾಗಿ ಮಾಡಿದ್ದ.

ಮರುದಿನ ವಿಮರ್ಶೆಗಳು ಬಂದವು. ‘ಒಂದು ಮಧ್ಯಾಹ್ನದಲ್ಲಿ ಮುಗಿದುಹೋಗುವ ಆಟ’ ಎಂದು ಒಬ್ಬರು. ‘ಶತ್ರುಗಳಿಗೆ ವ್ಯಕ್ತಿತ್ವವೇ ಇಲ್ಲ, ಏಳು ವರ್ಷ ಎಲ್ಲಿ ಹೋಯಿತೋ’ ಎಂದು ಇನ್ನೊಬ್ಬರು. ಬೇರೆ ಊರುಗಳಲ್ಲಿ ಬರಿಗೈಯಲ್ಲಿ ಆಡಿದ ಒಬ್ಬಿಬ್ಬರು ಒಂದು ಗಂಟೆಗೇ ಕೈಬಿಟ್ಟು, ‘ಆಟಗಾರರ ಮೇಲೆ ಹಗೆ ಸಾಧಿಸುವ ಆಟ’ ಎಂದು ಬರೆದರು. ಸರಾಸರಿ ಹತ್ತಕ್ಕೆ ನಾಲ್ಕು.

ಬೆಂಗಳೂರಿನಿಂದ ಸಂಪಾದಕರ ಫೋನು ಬಂತು. "ಮೇಡಮ್, ಎಲ್ಲರದ್ದೂ ಬಂದ್ಬಿಡ್ತು, ನಿಮ್ದೊಂದೇ ಬಾಕಿ. ಆ ಎರವಲು ಕೈ ಹಾಕ್ಕೊಂಡು ಮುಗಿಸ್ಬಿಡಿ."

"ಹಂಗ ಮುಗಿಸಿದ್ರ ಆಡಿದವರು ಯಾರೋ, ಬರೆದವರು ಯಾರೋ ಆಗ್ತದಲ್ರಿ. ಒಂದು ವಾರ ತಡೀರಿ."

ದಿನವೂ ಬೆಳಿಗ್ಗೆ ಅವಳು ಆಟಕ್ಕೆ ಕೂರುತ್ತಿದ್ದಳು. ಪ್ರಜ್ವಲ ತನ್ನ ಕೈ ವ್ಯಾಯಾಮ ಮುಗಿಸಿ ಪಕ್ಕದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಆರು ತೋಳಿನ ಯಂತ್ರ ಅವಳನ್ನು ಹೊಡೆದು ಕೆಡವುತ್ತಿತ್ತು. ಕೆಡವಿದ ಮೇಲೆ ಗಗನಯಾತ್ರಿಯನ್ನು ಸುರಂಗದ ಬಾಗಿಲವರೆಗೆ ಒಯ್ದು ಹಾಕುತ್ತಿತ್ತು. ಅಲ್ಲಿಂದ ಮತ್ತೆ ಶುರು. ಹನ್ನೊಂದು ಸಲ. ಹತ್ತೊಂಬತ್ತು ಸಲ. ಮೂರನೆಯ ದಿನಕ್ಕೆ ಅವಳ ಬೆರಳ ಗಂಟುಗಳು ಬಾತುಕೊಂಡವು.

"ಸಾಕು ಬಿಡೋಣೇನ್ರಿ?" ಎಂದು ಕೇಳಿದಳು.

ಪ್ರಜ್ವಲ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಸ್ಫೂರ್ತಿ, ಇನ್ನೊಮ್ಮೆ ಸೋಲು ನೋಡೋಣ."

"ಏನು?"

"ಸೋಲು ಅಂದೆ. ಅದು ನಿನ್ನ ಹೆಂಗ ಎತ್ತತೈತಿ ನೋಡಬೇಕು."

ಅವಳು ಸೋತಳು. ಅದಕ್ಕೇನೂ ಕಷ್ಟಪಡಬೇಕಾಗಿರಲಿಲ್ಲ. ಈ ಸಲ ಇಬ್ಬರೂ ನೋಡಿದರು. ಮೊದಮೊದಲು ಯಂತ್ರ ಅವಳನ್ನು ಕಾಲು ಹಿಡಿದು ಎಳೆದೊಯ್ದು ಎಸೆಯುತ್ತಿತ್ತು. ಈಗ ಎರಡು ತೋಳು ಒಡ್ಡಿ ಎತ್ತಿಕೊಂಡಿತು. ಆಟದ ಆರಂಭದಲ್ಲೇ ಗಗನಯಾತ್ರಿಯ ಎಡತೋಳಿಗೆ ಗಾಯವಾಗಿರುತ್ತದೆ. ಯಂತ್ರ ಆ ತೋಳನ್ನು ಮುಟ್ಟದೆ, ಬಲಗಡೆಯಿಂದ ಕೈ ಹಾಕಿ ಹಿಡಿದಿತ್ತು.

"ನೋಡಿದೇನು, ನೋವಾಗೂ ಕಡೆ ಹಿಡಿಯೂದಿಲ್ಲ ಅದು" ಎಂದ ಪ್ರಜ್ವಲ. "ನನ್ನ ಎತ್ತಿ ಕೂಡಸವರಿಗೆ ಇದು ತಿಳೀಲಿಕ್ಕೆ ತಿಂಗಳು ಹಿಡೀತು."

ಆಮೇಲೆ ಅವಳಿಗೆ ಸೋಲಿನ ಬೇಸರ ಹೋಯಿತು. ಐವತ್ತೆರಡನೆಯ ಸಲ ಸೋತಾಗ ಯಂತ್ರ ಅವಳ ಶಿರಸ್ತ್ರಾಣದ ಗಾಜಿನ ಮೇಲಿನ ಹಿಮ ಒರೆಸಿತು. ಎಪ್ಪತ್ತರ ಹೊತ್ತಿಗೆ ಬಾಗಿಲ ಬಳಿ ಇಳಿಸಿದ ಮೇಲೆ ಹೊರಟುಹೋಗದೆ, ಅವಳು ಕಣ್ಣು ತೆರೆಯುವವರೆಗೆ ಪಕ್ಕದಲ್ಲೇ ಕೂತಿತು. ಅದು ಕೊಲ್ಲುವ ಯಂತ್ರವಾಗಿರಲಿಲ್ಲ. ಮುಂದಿನ ಸುರಂಗದ ಹಿಮ ಕುಸಿಯುತ್ತಿತ್ತು. ಅಲ್ಲಿಗೆ ಯಾರನ್ನೂ ಬಿಡಬಾರದೆಂದು ಯಾರೋ ಹಿಂದೆ ನಿಲ್ಲಿಸಿಹೋದ ಕಾವಲು ಅದು. ಎಂಬತ್ತಮೂರು ಸೋಲುಗಳಾದ ಮೇಲೆ, ಒಂಬತ್ತನೆಯ ದಿನ, ಸ್ಫೂರ್ತಿಗೆ ಅದರ ಆರೂ ತೋಳುಗಳ ನಡೆ ಬಾಯಿಪಾಠವಾಗಿತ್ತು. ಒಂದೇ ಒಂದು ಏಟು ಹೊಡೆಯದೆ ಅವುಗಳ ಕೆಳಗಿನಿಂದ ನುಸುಳಿ ಅವಳು ದಾಟಿಹೋದಳು. ಪ್ರಜ್ವಲ ಎಡಗೈಯಿಂದ ತೊಡೆ ತಟ್ಟಿ ಚಪ್ಪಾಳೆಯ ಸದ್ದು ಮಾಡಿದ.

ಅವಳ ವಿಮರ್ಶೆ ಎಲ್ಲರಿಗಿಂತ ಹತ್ತು ದಿನ ತಡವಾಗಿ ಬಂತು. ‘ಈ ಆಟದ ಅತಿ ಚೆಲುವಾದ ದೃಶ್ಯ ಸೋತವರಿಗೆ ಮಾತ್ರ ಕಾಣುತ್ತದೆ’ ಎಂದು ಅದು ಶುರುವಾಗುತ್ತಿತ್ತು. ‘ನಾನು ಎಂಬತ್ತಮೂರು ಸಲ ಸೋತಿದ್ದೇನೆ. ನಲವತ್ತೊಂದು ಸೆಕೆಂಡಿನಲ್ಲಿ ಗೆದ್ದವರು ಶತ್ರುವಿಗೆ ವ್ಯಕ್ತಿತ್ವವಿಲ್ಲ ಎಂದರು. ಅದು ತನ್ನ ಗುಣ ತೋರಿಸಲು ಅವರು ಅವಕಾಶವನ್ನೇ ಕೊಡಲಿಲ್ಲ.’ ನಾಲ್ಕನೆಯ ಅಧ್ಯಾಯ ವಿಪರೀತ ಉದ್ದ, ಸಂಗೀತ ಕಿವಿಗೆ ಹಿತವಿಲ್ಲ ಎಂಬುದನ್ನೂ ಬರೆದಳು. ಕೊನೆಯಲ್ಲಿ, ‘ನಮ್ಮ ಮನೆಯಲ್ಲಿ ಒಂದು ಕೈ ಎಂಟು ತಿಂಗಳಿನಿಂದ ತಪ್ಪಿಲ್ಲದೆ ಗೆಲ್ಲುತ್ತಿದೆ, ಏನನ್ನೂ ಕಲಿಯುತ್ತಿಲ್ಲ’ ಎಂಬ ಒಂದು ಸಾಲು.

ಆ ಮಧ್ಯಾಹ್ನವೇ ತನ್ಮಯ ಫೋನು ಮಾಡಿದ. "ಮೇಡಂ... ಒಬ್ಬರಾದ್ರೂ ಸೋತ್ರಲ್ರಿ" ಎಂದ. ಮುಂದಿನ ವಾರ ಆ ಎತ್ತಿಕೊಳ್ಳುವ ದೃಶ್ಯಗಳನ್ನೆಲ್ಲ ಕಿತ್ತುಹಾಕುವುದೆಂದು ತಂಡ ತೀರ್ಮಾನಿಸಿತ್ತಂತೆ. ಯಾರೂ ನೋಡದ್ದು ಯಾಕಿರಬೇಕು ಎಂದು. ಸ್ಫೂರ್ತಿಯ ವಿಮರ್ಶೆ ಓದಿ ಹದಿನಾಲ್ಕು ಮಂದಿಯಲ್ಲಿ ಐವರು ಗವಸು ಕಳಚಿ ಮತ್ತೆ ಆಡಿ ತಮ್ಮ ಮಾತು ತಿದ್ದಿಕೊಂಡರು. ಉಳಿದವರು ತಿದ್ದಲಿಲ್ಲ. ಸರಾಸರಿ ಆರಕ್ಕೆ ಏರಿ ಅಲ್ಲಿಯೇ ನಿಂತಿತು.

ಎರಡು ದಿನ ಬಿಟ್ಟು ಇಂಚರಾ ತಾನೇ ಮನೆಗೆ ಬಂದಳು. ಮೂವತ್ತೇಳರ ಹೆಣ್ಣುಮಗಳು, ಪ್ರಜ್ವಲನನ್ನು ತಿಂಗಳಿಗೆರಡು ಸಲ ನೋಡುತ್ತಿದ್ದದ್ದರಿಂದ ಸಲುಗೆ ಇತ್ತು, ಸ್ಫೂರ್ತಿಯನ್ನು ಚಿಕ್ಕಮ್ಮ ಎಂಬರ್ಥದಲ್ಲಿ ‘ಕಾಕು’ ಎನ್ನುತ್ತಿದ್ದಳು. ಆದರೆ ವಿಮರ್ಶೆಯ ಕೊನೆಯ ಸಾಲು ಓದಿ ಬಂದಿದ್ದ ಅವಳು ಅಂದು ಮುಖ ಗಂಟಿಕ್ಕಿಕೊಂಡಿದ್ದಳು.

"ಕಾಕು, ನಿಮ್ಮ ಆಟದಾಗ ಸೋತ್ರ ಮತ್ತ ಮೊದಲಿಂದ ಶುರು ಆಗ್ತದ. ನನ್ನ ಪೇಶಂಟ್ ಸೋತ್ರ ಕಾದ ಹಂಚಿನ ಮ್ಯಾಲೆ ಕೈ ಬೀಳ್ತದ. ಎರಡೂ ಒಂದ ಹೆಂಗಾಗ್ತಾವ?"

"ಖರೆ" ಎಂದಳು ಸ್ಫೂರ್ತಿ.

ಉತ್ತರ ಕೊಟ್ಟವನು ಪ್ರಜ್ವಲ. "ಡಾಕ್ಟರ್ರ, ಎಂಟು ತಿಂಗಳಾತು, ಈ ಕೈ ಒಂದು ರೊಟ್ಟೀನೂ ಹರಿದಿಲ್ಲ. ಮೊದಲೆಲ್ಲ ದಿವಸಕ್ಕೊಂದು ಹರೀತಿದ್ದೆ ನಾ. ತಪ್ಪ ಮಾಡಲಾರದ ಕೈ ನಂದು ಅಂತ ಹೆಂಗ ತಿಳ್ಕೊಳ್ಳಲಿ?"

ಸ್ಫೂರ್ತಿ ಆಟದ ಹಿಡಿಕೆಯನ್ನು ಇಂಚರಾಳ ಕೈಗಿತ್ತಳು. ಜನ್ಮದಲ್ಲಿ ಒಂದೂ ಆಟ ಆಡದ ವಿಜ್ಞಾನಿ ಒಂದು ಗಂಟೆ ಕೂತು ಇಪ್ಪತ್ತಾರು ಸಲ ಸೋತಳು. ಕೊನೆಕೊನೆಗೆ ಅವಳು ಹೋರಾಟ ಬಿಟ್ಟು ಯಂತ್ರದ ತೋಳುಗಳನ್ನಷ್ಟೇ ನೋಡುತ್ತಿದ್ದಳು.

"ಇದು ಮೊದಲ ಬಂದು ಹಿಡಿಯೂದಿಲ್ಲ" ಎಂದಳು, ತನಗೇ ಹೇಳಿಕೊಂಡಂತೆ. "ಬಿದ್ದ ಮ್ಯಾಲೆ ಹಿಡೀತದ. ಎಷ್ಟು ಬೇಕೋ ಅಷ್ಟ."

ಅವಳಿಗೆ ಗೊತ್ತಿಲ್ಲದ ಶಾಸ್ತ್ರವೇನಲ್ಲ ಅದು. ನಾವು ಅಂದುಕೊಂಡದ್ದಕ್ಕೂ ಕೈ ಮಾಡಿದ್ದಕ್ಕೂ ನಡುವೆ ಬೀಳುವ ಅಂತರವೇ ಮಿದುಳಿನ ಪಾಠ. ಆ ಅಂತರವನ್ನು ನೋಡಿ ನೋಡಿಯೇ ಅದು ಹೊಸ ದಾರಿ ಮಾಡಿಕೊಳ್ಳುತ್ತದೆ. ಕವಚ ಆ ಅಂತರವನ್ನು ಪೂರಾ ಮುಚ್ಚಿಬಿಟ್ಟರೆ ಮಿದುಳಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಓದಿದ್ದಳು, ಪಾಠವನ್ನೂ ಮಾಡಿದ್ದಳು. ಕೈಯಿಂದ ಲೋಟ ಜಾರಿದಾಗ ರೋಗಿಯ ಮುಖದಲ್ಲಿ ಕಾಣುವ ನಾಚಿಕೆಯನ್ನು ಮಾತ್ರ ಅವಳಿಗೆ ನೋಡಲಾಗುತ್ತಿರಲಿಲ್ಲ. ಆ ಮರುಕದಿಂದಲೇ ಕವಚ ಅಷ್ಟು ಪರಿಪೂರ್ಣವಾಗಿತ್ತು.

ಮೂರು ತಿಂಗಳಲ್ಲಿ ಅವಳು ಕವಚವನ್ನು ಬದಲಿಸಿ ತಂದಳು. ಹೊಸದು ಮೊದಲು ಸುಮ್ಮನಿರುತ್ತಿತ್ತು. ಕೈ ತಾನಾಗಿ ಪ್ರಯತ್ನಿಸಿ, ಎಡವಿ, ಇನ್ನೇನು ಪೆಟ್ಟಾಗಬೇಕು ಎನ್ನುವಾಗ ಹಿಡಿಯುತ್ತಿತ್ತು. ಮರುದಿನದ ಆಸರೆ ಅದಕ್ಕಿಂತ ಒಂದೆಳೆ ಕಡಿಮೆ. ಮೊದಲ ದಿನ ಪ್ರಜ್ವಲನ ಬೆರಳು ಚಮಚವನ್ನು ಗೋಧಿಕಾಳಿನಷ್ಟು ಮಾತ್ರ ಸರಿಸಿತು. ಅವನು ನಕ್ಕ. ಮೂರನೆಯ ವಾರ ನಗಲಿಲ್ಲ. ಹಿಟ್ಟು ನಾದುವ ಅಗಲ ಪರಾತವನ್ನು ಎಡಗೈಯಿಂದ ತಳ್ಳಿ, "ಹಳೇದ ಕೊಡು, ನನಗ ಸಾಕಾಗೇದ" ಎಂದು ಕೂಗಿದ. ಸ್ಫೂರ್ತಿ ನೆಲಕ್ಕೆ ಚೆಲ್ಲಿದ ಹಿಟ್ಟು ಬಳಿದಳು. ಹಳೆಯದನ್ನು ತಂದು ಅವನ ಮುಂದೆ ಇಟ್ಟಳು ಕೂಡ. ಅವನು ಬಹಳ ಹೊತ್ತು ಅದನ್ನು ನೋಡಿ, ಮುಟ್ಟದೆ ಎದ್ದುಹೋದ. ಐದನೆಯ ತಿಂಗಳು ಅವನ ಬರಿಗೈಯಲ್ಲಿ ಒಂದು ರೊಟ್ಟಿ ಆಯಿತು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಅಂಚು ಹರಿದಿತ್ತು. ಇಬ್ಬರೂ ಅರ್ಧರ್ಧ ಹಂಚಿಕೊಂಡು ತಿಂದರು.

ಹೊಸ ಕವಚ ನಾಡಿನ ಆಸ್ಪತ್ರೆಗಳಿಗೆಲ್ಲ ಹೋಯಿತು. ಹೊರಗಿನ ಜಗತ್ತು ಮಾತ್ರ ಹಳೆಯದನ್ನು ಬಿಡಲಿಲ್ಲ. ಬೀಳಲು ಬಿಟ್ಟು ಆಮೇಲೆ ಹಿಡಿಯುವ ಕೈ ಯಾರಿಗೆ ಬೇಕು? ಮರುವರ್ಷ ಒಂದು ಭಾನುವಾರ ಊಟಕ್ಕೆ ಬಂದ ಇಂಚರಾ ಇದನ್ನೇ ಹೇಳಿ ನಿಟ್ಟುಸಿರುಬಿಟ್ಟಳು. "ನಾನ ಕೆಡಸಿದೆ ಏನೋ ಅನಸ್ತದ ಕಾಕು. ನಿಮ್ಮ ಕಾಲದಾಗ ಮಂದಿ ಹಿಂಗಿರಲಿಲ್ಲ, ಹೌದಲ್ರಿ?"

ಸ್ಫೂರ್ತಿ ಗಂಡನ ಕಡೆ ನೋಡಿದಳು. ಮೂವತ್ತಾರು ವರ್ಷ ಹೇಳದೆ ಉಳಿದಿದ್ದ ಮಾತೊಂದಿತ್ತು.

"ಎರಡು ಸಾವಿರದ ಇಪ್ಪತ್ತಾರರಾಗ ನಮ್ಮ ನಿಶ್ಚಯ ಆಗಿತ್ತು" ಎಂದಳು. "ನಾ ಗದಗಿನಾಗಿದ್ದೆ, ಇವರು ಇಲ್ಲೆ. ಒಂದು ಪತ್ರ ಬರೀಬೇಕು ಅನ್ನಿಸ್ತು. ಎರಡು ಸಾಲು ಬರದೆ, ಛಲೋ ಬರಲಿಲ್ಲ. ಆಗಷ್ಟ ಫೋನಿನಾಗ ಕೇಳಿದ್ದು ಬರಕೊಡೂ ಯಂತ್ರ ಬಂದಿತ್ತು. ಅದಕ್ಕ ಹೇಳಿದೆ. ನಾಕು ಸೆಕೆಂಡಿನಾಗ ಪ್ರೇಮಪತ್ರ ಬಂತು. ಇವರು ಅದರ ಪ್ರಿಂಟ್ ತಗಸಿ ಇನ್ನೂ ಇಟ್ಕೊಂಡಾರ. ನನಗ ಅದರಾಗಿಂದು ಒಂದು ಸಾಲೂ ನೆನಪಿಲ್ಲ."

ಅವಳ ಕಣ್ಣು ತುಂಬಿತ್ತು. ಪ್ರಜ್ವಲ ಕೈ ಒರೆಸಿಕೊಂಡು ನಿಧಾನ ಹೇಳಿದ: "ನನಗ ಗೊತ್ತಿತ್ತು."

"ಹೆಂಗ?"

"ನಾನೂ ಉತ್ತರ ಅದರ ಕಡೇನ ಬರಿಸಿದ್ದೆ. ಎರಡೂ ಪತ್ರದಾಗ ಒಂದ ಚಂದ್ರ ಇದ್ದ, ಒಂದ ಮಳಿ ಇತ್ತು."

ಇಂಚರಾಗೆ ನಗು ತಡೆಯಲಾಗಲಿಲ್ಲ. ಆ ಇಬ್ಬರೂ ನಕ್ಕರು, ಒಬ್ಬರನ್ನೊಬ್ಬರು ನೋಡದೆ.

"ಆ ಎರಡು ಸಾಲು ಏನಿದ್ವು?" ಎಂದು ಪ್ರಜ್ವಲ ಕೇಳಿದ. "ಛಲೋ ಬರಲಿಲ್ಲ ಅಂದೆಲ್ಲ, ಅವು."

"ಅಳಿಸಿಬಿಟ್ಟೆನಲ್ರಿ. ಈಗ ಎಲ್ಲಿಂದ ತರಲಿ?"

ಇಂಚರಾ ಹೋದ ಮೇಲೆ ಸ್ಫೂರ್ತಿ ಒಂದು ಹಾಳೆ, ಒಂದು ಪೆನ್ನು ಹುಡುಕಿ ತಂದು ಕಿಟಕಿಯ ಬಿಸಿಲಿಗೆ ಕೂತಳು. ಮೊದಲ ಸಾಲು ಬರೆದು ಹೊಡೆದುಹಾಕಿದಳು. ಎರಡನೆಯದನ್ನೂ ಹೊಡೆದುಹಾಕಿದಳು. ಪ್ರಜ್ವಲ ಎದುರಿನ ಕುರ್ಚಿಯಲ್ಲಿ ಕೂತಿದ್ದ.

"ಬರವಲ್ಲದು ನೋಡ್ರಿ" ಎಂದಳು ಅವಳು.

"ಬರೀ" ಎಂದ ಅವನು. "ನನಗೇನೂ ಅವಸರ ಇಲ್ಲ."