ಗಂಜಿ ಇಟ್ಟು ಬಂದ ಹೊಸ್ತಿಲು

ಅಮೀನಗಡದಲ್ಲಿ ಬಸ್ಸು ಹತ್ತಿದವನು ಹೊಳಬಸಪ್ಪ! ಬಸ್ಸಿನಲ್ಲಿ ಕೂತಿದ್ದ ಗುರುಸಿದ್ದವ್ವ ಮುಖ ಹೊರಳಿಸಿದಳು.

ಖಾಲಿ ಇದ್ದದ್ದು ಅವಳ ಪಕ್ಕದ ಜಾಗವೊಂದೇ. ಅವನು ಕೂರುವ ಮೊದಲೇ ಅವಳು ಎದ್ದು ಕೆಳಗಿಳಿದುಬಿಟ್ಟಳು. ಕರದಂಟಿನ ಅಂಗಡಿಯ ಬದಿಯ ನಳದಲ್ಲಿ ಕೈ ತೊಳೆದಳು. ಮತ್ತೆ ತೊಳೆದಳು... ಬಸ್ಸು ಹೊರಟುಹೋದದ್ದೂ ತಿಳಿಯಲಿಲ್ಲ.

ತಲೆ ಎತ್ತಿದರೆ ಅವನೂ ಇಳಿದು ನಿಂತಿದ್ದ.

"ನನ್ನ ಬಾಜೂಕ ಕೂಡ್ರಾಕೂ ಹೇಸಿಕಿ ಆತೇನು ನಿನಗ?"

ಅವಳು ಮತ್ತೆ ನಳಕ್ಕೆ ಕೈ ಒಡ್ಡಿದಳು.

ಇಬ್ಬರೂ ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವ ಮನೆಗಳವರು. ಅವರಿಬ್ಬರ ಮದುವೆ ನಿಶ್ಚಯವಾಗಿತ್ತು. ಎರಡು ವರ್ಷದ ಹಿಂದೆ, ೧೯೭೩ರ ಬೇಸಿಗೆಯಲ್ಲಿ, ದೇಶದೇಶ ಸುತ್ತುತ್ತಿದ್ದ ಕಾಲರಾ ಅವರ ಓಣಿಗೂ ಬಂತು. ಹೊಳಬಸಪ್ಪನ ತಾಯಿ ದವಾಖಾನೆಯಲ್ಲೇ ತೀರಿಕೊಂಡಳು. ಅವನೂ ವಾಂತಿಭೇದಿ ಹತ್ತಿ ಮನೆಯಲ್ಲಿ ಒಬ್ಬನೇ ಬಿದ್ದಿದ್ದಾನೆಂದು ಕೇಳಿ, ಗುರುಸಿದ್ದವ್ವ ಯಾರಿಗೂ ಹೇಳದೆ ಗಂಜಿ ಒಯ್ದಳು.

ಹೊಸ್ತಿಲಲ್ಲೇ ವಾಸನೆ ಮುಖಕ್ಕೆ ಬಡಿಯಿತು. ಮುಚ್ಚಿದ ಬಾಗಿಲಿಗೆ ಚಾಚಿದ ಕೈ ಹಿಂದೆ ಸರಿಯಿತು. ಗಂಜಿಯನ್ನು ಅಲ್ಲೇ ಇಟ್ಟು ಓಡಿಬಂದಳು.

ಮರುದಿನ ಓಣಿಯವರು ಅವನನ್ನು ದವಾಖಾನೆಗೆ ಸಾಗಿಸಿದರು. ಅವನು ಬದುಕಿದ. ಆದರೆ ಅವಳಿಗೆ ಕೈ ತೊಳೆಯುವ ಚಟ ಅಂಟಿಕೊಂಡಿತು. ಒಡೆದ ಬೆರಳಿಗೆ ಸಿಕ್ಕಿ ರೇಷ್ಮೆ ಎಳೆ ಹರಿಯುತ್ತಿತ್ತು. ಅವಳು ಮಗ್ಗ ಬಿಟ್ಟಳು. ಗಾಳಿ ಸೋಕಿದೆ ಎಂದರು ಜನ.

'ಸಾಯಲಿ ಅಂತ ಬಿಟ್ಟು ಬಂದವಳು ನಾನು. ಯಾವ ಮುಖ ಹೊತ್ತು ಅವರಿಂದ ತಾಳಿ ಕಟ್ಟಿಸಿಕೊಳ್ಳಲಿ?'

ಕಾರಣ ಹೇಳದೆಯೇ, ಅಪ್ಪನ ಬಾಯಿಂದ ಸಂಬಂಧ ಬೇಡವೆನ್ನಿಸಿದ್ದಳು.

ಇವತ್ತು ನಳದ ಬಳಿ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು.

"ನೀ ಬಂದದ್ದು ನನಗ ಗೊತ್ತಿತ್ತು," ಎಂದ ಅವನು. "ನಿನ್ನ ಕೈಬಳಿ ಸಪ್ಪಳ ಕೇಳಿತ್ತು. ನರಳಿದ್ರ ಒಳಗ ಬರ್ತಿ ಅಂತ ಬಾಯಾಗ ಧೋತರ ತುರುಕ್ಕೊಂಡು ಬಿದ್ದಿದ್ದೆ. ಆ ಹೊಲಸಿನಾಗ ನೀ ನನ್ನ ನೋಡಬಾರದಿತ್ತು."

ಮದುವೆ ಮುರಿದಾಗ, ಅವಳು ಬಾಗಿಲ ಸಂದಿನಿಂದ ನೋಡಿಯೇ ಅಸಹ್ಯಪಟ್ಟಳೆಂದು ಅವನು ತಿಳಿದಿದ್ದನಂತೆ. ಅಂದಿನಿಂದ ಬಾಗಿಲು ಹಾಕಿದರೆ ಉಸಿರು ಕಟ್ಟುತ್ತದೆ, ಅಂಗಳದಲ್ಲೇ ಮಲಗುತ್ತೇನೆ, ಯಾರ ಮುಂದೆಯೂ ಹೇಳಿಲ್ಲ ಎಂದ.

ಗುರುಸಿದ್ದವ್ವ ಅಳುತ್ತಿದ್ದಳು. ಇಷ್ಟು ದಿನ ಒಬ್ಬಳೇ ಹೊತ್ತಿದ್ದ ನಾಚಿಕೆಗೆ ಇನ್ನೊಂದು ಹೆಗಲು ಸಿಕ್ಕಿತ್ತು...

ತನ್ನ ಚಟ ಹೋಗಲಿಕ್ಕಿಲ್ಲ ಎಂದಳು. ಇರಲಿ, ನನ್ನದೂ ಹೋಗಿಲ್ಲವಲ್ಲ ಎಂದ ಅವನು.

"ನಿಮ್ಮಪ್ಪಗ ಮತ್ತ ಬಂದು ಕೇಳ್ಲೇನು?"

"ನೀವು ಬ್ಯಾಡ್ರಿ. ನಾನೇ ಹೇಳ್ತೇನಿ."

"ಹೊಸ್ತಿಲಿಂದ ಓಡಿ ಹೋಗಿದ್ದೂ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮೊದಲ ಸಲ ಅವನ ಮುಖ ನೋಡಿದಳು.

"ಹೂಂನ್ರಿ... ಮೊದಲ ಅದನ್ನೇ ಹೇಳ್ತೇನಿ."