ಮಾತ್ರೆ ಅರೆಯುವ ಚಾಕು

ಮನಸ್ಸಿನ ಕಾಯಿಲೆಗೆ ಕೊಟ್ಟ ಮಾತ್ರೆ ನಿಲ್ಲಿಸಿದ್ದೇನೆಂದು ಡೈರಿಗೆ ಮಾತ್ರ ಹೇಳಿದ್ದೆ. ವಾಸಿಯಾಗುವ ಆಸೆಯೇ ಬತ್ತಿತ್ತು. ಅದೇ ವಾರ ನಾನಿರುವ ಫ್ಲೆಮಿಂಗ್ಸ್‌ಬೆರಿ ಊರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಹಿಂದಿನ ಕಾಲದ ಡಾಕ್ಟರೊಬ್ಬರ ಜೇಬುಚಾಕು ಕೊಂಡೆ. ಅದರ ಮೊಂಡು ಅಲಗು ಔಷಧಿ ಕಲಸಲು, ಚಪ್ಪಟೆ ಬುಡ ಮಾತ್ರೆ ಅರೆಯಲು.

ಮರುದಿನದಿಂದ ಬೆಳಗ್ಗೆ ನಾನು ಸ್ನಾನಕ್ಕೆ ಹೋದಾಗಲೆಲ್ಲ ಅಡುಗೆಮನೆಯಲ್ಲಿ ಟಕ್, ಟಕ್ ಸದ್ದು. ಬಂದು ಮುಟ್ಟಿದರೆ ಚಾಕುವಿನ ಹಿಡಿ ಬೆಚ್ಚಗಿರುತ್ತಿತ್ತು, ಬುಡದಲ್ಲಿ ಬಿಳಿ ಪುಡಿ. ಸ್ನಾನಕ್ಕೆ ಮೊದಲು ಮಾಡಿಟ್ಟ ಚಹಾ ಕುಡಿದರೆ ಕಹಿ. ಮನೆಯಲ್ಲಿ ನಾನೊಬ್ಬಳೇ.

ಎರಡು ವಾರದ ಮೇಲೆ ಮಂಗಳೂರಿನಿಂದ ಮರಳಿದ ರೂಮ್‌ಮೇಟ್ ರೀನಾ ನನ್ನ ಮಾತ್ರೆಯ ಹಾಳೆ ಎತ್ತಿ ನೋಡಿದಳು. ಹದಿನಾಲ್ಕೂ ಖಾಲಿ.

"ಪರ್ವಾಗಿಲ್ಲ ಮಾರಾಯ್ತಿ, ನಾನಿಲ್ದಿದ್ರೂ ಕರೆಕ್ಟಾಗಿ ತಗೊಂಡಿದ್ದೀಯಲ್ಲ!"

"ರೀನಾ," ಎಂದೆ, "ನಾನು ಒಂದನ್ನೂ ಮುಟ್ಟಿಲ್ಲ."