ಬಾನಿ ಬರಿದಾಗುವ ತನಕ

"ಹೆಸರು ಹೇಳು... ಒಳಗ ಬಾ!"

ಬಾಗಿಲಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತಿದ್ದಳು ನಾದಿನಿ ಕಾಡವ್ವ. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು. ಅದರಾಚೆ ಹೊಸ ಮದುಮಗಳು ಸಿದ್ದಲಿಂಗವ್ವ. ಅವಳ ಪಕ್ಕದಲ್ಲಿ ಗಂಡ ನಿಜಗುಣಪ್ಪ.

ತೊರಗಲ್ಲ ಕೋಟೆಯ ಬುಡದಲ್ಲಿದ್ದ ಆ ಊರಿನ ಹೆಂಗಸರೆಲ್ಲ ಅಂಗಳದಲ್ಲಿ ನೆರೆದಿದ್ದರು. ಒಡಪು ಕಟ್ಟಿ, ಪ್ರಾಸದ ಸಾಲಿನಲ್ಲಿ ಗಂಡನ ಹೆಸರು ಹೇಳದೆ ಯಾವ ಸೊಸೆಯೂ ಆ ಮನೆಯ ಹೊಸಿಲು ದಾಟಿದ್ದಿಲ್ಲ. ಹೇಳದವಳು ದೇವರ ಕೋಣೆಯಲ್ಲಿ ದೀಪ ಹಚ್ಚುವಂತಿಲ್ಲ.

"ಏನವ್ವಾ, ಬೈಲಹೊಂಗಲದಾಗ ನಾಲಿಗಿ ಬಿಟ್ಟು ಬಂದೀಯೇನ?" ಎಂದಳು ಕಾಡವ್ವ. ಎಲ್ಲರೂ ನಕ್ಕರು.

ಸಿದ್ದಲಿಂಗವ್ವ ಬಾಯಿ ತೆರೆದಳು. ಒಡಪು ಬಾಯಿಪಾಠವಾಗಿತ್ತು. ಆದರೆ ಹೆಸರು ಬರಲಿಲ್ಲ... ಉಸಿರು ಬಂತು. ಒಂದರ ಮೇಲೊಂದು, ಒಂದರ ಮೇಲೊಂದು! ಎದೆ ಬಿಗಿಯಿತು. ತುಟಿಯ ಸುತ್ತ ಇರುವೆ ಹರಿದಂತಾಯಿತು. ಕೈಬೆರಳು ಸೆಟೆದು ಒಳಗೆ ಮಡಚಿಕೊಂಡವು.

'ಸಾಯ್ತೇನಿ... ಇಲ್ಲೇ ಸಾಯ್ತೇನಿ...'

"ಗಾಳಿ ಬಡದೈತಿ! ಬೆರಳು ನೋಡ್ರಿ, ಹ್ಯಾಂಗ ತಿರುಚಾಕ ಹತ್ಯಾವು!" ಯಾರೋ ಕೂಗಿದರು.

"ಉಸಿರು ತಗೋ ಮಗಳ, ಜೋರಾಗಿ ತಗೋ!" ಇನ್ನೊಬ್ಬರು ಬೀಸಣಿಗೆ ಬೀಸಿದರು. ಮತ್ತೊಬ್ಬರು ಮೂಗಿಗೆ ಲೋಬಾನದ ಹೊಗೆ ಹಿಡಿದರು. ಎಲ್ಲರೂ ಮೈಮೇಲೆ ಬಗ್ಗಿದರು. ಎಲ್ಲರೂ ಒಳ್ಳೆಯದನ್ನೇ ಬಯಸಿದ್ದರು. ಅವಳಿಗೆ ಮಾತ್ರ ಕಣ್ಣು ಕತ್ತಲಾಯಿತು.

ಕೊನೆಗೆ ಅವಳನ್ನು ಹಿತ್ತಲ ಬಾಗಿಲಿನಿಂದ ಎತ್ತಿ ಒಳಗೆ ತಂದರು.

ಕಣ್ಣು ಮುಚ್ಚುವ ಮುನ್ನ ಅವಳು ಕಂಡದ್ದು ಗಂಡನ ಮುಖವನ್ನು. ಅವನು ಎರಡು ಹೆಜ್ಜೆ ಹಿಂದೆ ಸರಿದಿದ್ದ. ಆ ಎರಡು ಹೆಜ್ಜೆ ಅವಳ ಎದೆಯಲ್ಲಿ ಉಳಿದುಹೋದವು.

*

ಅದು ಪ್ಲೇಗು ಹಲವು ಮನೆಗಳ ಕಟ್ಟೆ ಬರಿದು ಮಾಡಿ ಹೋದ ಕಾಲ. ಸಿದ್ದಲಿಂಗವ್ವನ ತಾಯಿ ಹೋದದ್ದೂ ಅದರಲ್ಲೇ. ಆಮೇಲೆ ಮನೆಯಲ್ಲಿ ಉಳಿದವರು ಅವಳು ಮತ್ತು ಅಣ್ಣ ಸೋಮಪ್ಪ ಇಬ್ಬರೇ. ಹೀಗಾಗಿ ಮದುವೆ ಹತ್ತೊಂಬತ್ತಕ್ಕೆ ಬಿತ್ತು. ಆಗಿನ ಲೆಕ್ಕಕ್ಕೆ ಬಲು ತಡ.

ಅತ್ತೆ ಕೆಂಚವ್ವ ಕೆಟ್ಟವಳಲ್ಲ. ಹೆದರಿದವಳು. ಪ್ಲೇಗಿನಲ್ಲಿ ಹಿರಿಯ ಮಗನನ್ನು ಮಣ್ಣಿಗೆ ಕೊಟ್ಟವಳು. ಉಳಿದ ಒಬ್ಬ ಮಗನ ಹತ್ತಿರ ಯಾವ ಗಾಳಿಯೂ ಸುಳಿಯಬಾರದು ಎಂಬುದೊಂದೇ ಅವಳ ಹಂಬಲ.

ನಿಜಗುಣಪ್ಪ ಮಾತು ಕಡಿಮೆಯವನು. ಹೆಂಡತಿಯ ಕಣ್ಣಿಗೆ ಬೀಳದಂತೆ ಬೆಳಗಾಗುತ್ತಲೇ ಹೊಲಕ್ಕೆ ಹೋಗುತ್ತಿದ್ದ. ಕಟ್ಟೆಯ ಮೇಲೆ ಮಲಗುತ್ತಿದ್ದ.

'ನನ್ನ ನೋಡಿದ್ರ ಅಸಹ್ಯ ಅವರಿಗೆ' ಎಂದುಕೊಂಡಳು ಸಿದ್ದಲಿಂಗವ್ವ.

'ನನ್ನ ಹೆಸರು ಹೇಳಾಕ ಹೋಗಿ ಉಸಿರು ಕಟ್ಟಿತು ಆಕಿಗೆ. ಅಷ್ಟು ಬ್ಯಾಡಾಗೇನಿ ನಾನು' ಎಂದುಕೊಂಡ ನಿಜಗುಣಪ್ಪ.

ಒಂದೇ ಮನೆಯಲ್ಲಿ ಇಬ್ಬರೂ ಹೀಗೆ ಎರಡು ತಪ್ಪುಗಳನ್ನು ಜೋಪಾನ ಮಾಡಿಕೊಂಡು ಒಂದು ತಿಂಗಳು ಕಳೆದರು.

ಕಾರಹುಣ್ಣಿಮೆ ಕಳೆದ ಒಂದು ಬೆಳಗ್ಗೆ. ಅವಳು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಪಡಸಾಲೆಯ ಮಾತು ಕಿವಿಗೆ ಬಿತ್ತು.

"ಆಷಾಢಕ್ಕ ತವರಿಗೆ ಹೋಗ್ತಾಳಲ್ಲ... ಹೋದಾಕಿ ಅಲ್ಲೇ ಇರ್ಲಿ. ಪಂಚಮಿ ಆದ ಮ್ಯಾಲ ಕರೆಯೂದು ಬ್ಯಾಡ." ಅತ್ತೆಯ ದನಿ.

ಆಮೇಲೆ ಗಂಡನ ದನಿ, ಮೆಲ್ಲಗೆ:

"ಆಕಿ ಮನಸ್ಸಿದ್ದಂಗ ಆಗಲಿ."

ಅವಳ ಕೈಯಲ್ಲಿದ್ದ ತಂಬಿಗೆ ಕೆಳಗೆ ಬಿತ್ತು.

*

ಆ ದಿನ ಹೊಲಕ್ಕೆ ಬುತ್ತಿ ತಾನೇ ಒಯ್ಯುವೆನೆಂದಳು. ಕೇಳಿಬಿಡಬೇಕು. ಬೇಡವಾದರೆ ಬೇಡವೆಂದು ಅವನ ಬಾಯಿಂದಲೇ ಬರಲಿ.

ಮುಂಗಾರು ತಡವಾಗಿತ್ತು. ಮೆಣಸಿನ ಸಸಿಗಳಿಗಾಗಿ ನಿಜಗುಣಪ್ಪ ಬಾವಿಯ ಮೇಲೆ ಕಪಿಲೆ ಹೊಡೆಯುತ್ತಿದ್ದ. ಹಗ್ಗದ ಮೇಲೆ ಕೂತು ಎತ್ತುಗಳನ್ನು ಇಳಿಜಾರಿಗೆ ಇಳಿಸಿದರೆ ತೊಗಲಿನ ದೊಡ್ಡ ಬಾನಿ ನೀರು ತುಂಬಿಕೊಂಡು ಮೇಲೆ ಬಂದು, ತೊಟ್ಟಿಗೆ ಧೋ ಎಂದು ಸುರಿಯುತ್ತಿತ್ತು. ಎತ್ತುಗಳು ಹಿಂದೆ ಹಿಂದೆ ಹೆಜ್ಜೆಯಿಟ್ಟು ಏರಿದರೆ ಬಾನಿ ಮತ್ತೆ ಬಾವಿಗೆ. ಇಳಿಯುವಾಗಲೆಲ್ಲ ಅವನು ಉದ್ದಕ್ಕೆ ಒಂದು ಸಾಲು ಹಾಡುತ್ತಿದ್ದ.

ಅವಳನ್ನು ಕಂಡು ಹಾಡು ನಿಂತಿತು.

"ನೀವು... ನನ್ನ... ಕರೆಯಾಕ..." ಮುಂದೆ ಮಾತಾಗಲಿಲ್ಲ. ಬುತ್ತಿ ಕೆಳಗಿಟ್ಟು ಅಲ್ಲೇ ಕುಸಿದಳು. ಉಸಿರು ಮತ್ತೆ ಹುಚ್ಚೆದ್ದಿತು. ಬೆರಳು ಮಡಚಿದವು.

ಅವನು ಹಗ್ಗದಿಂದ ಜಿಗಿದು ಓಡಿ ಬಂದ. ಸುತ್ತ ಯಾರೂ ಇಲ್ಲ.

"ಉಸಿರು ತಗೋ! ಜೋರಾಗಿ ತಗೋ!"

ಅವಳು ತೆಗೆದುಕೊಂಡಳು. ಇನ್ನೂ ಕೆಟ್ಟಿತು.

"ಸಾಲವಲ್ದು... ಉಸಿರು... ಸಾಲವಲ್ದು..."

ಹಿಂದೆ ನೀರು ಚೆಲ್ಲಿದ ಸದ್ದು. ಕಾಯುವವರಿಲ್ಲದ ಎತ್ತುಗಳು ತಾವಾಗಿಯೇ ಹಿಂದೆ ಸರಿದಿದ್ದವು. ಬಾನಿ ಅರ್ಧ ಮಾತ್ರ ಸುರಿದು, ಅರ್ಧ ತುಂಬಿಕೊಂಡೇ ಬಾವಿಗೆ ಇಳಿದಿತ್ತು. ಕಾಲುವೆಯಲ್ಲಿ ನೀರು ಸಣ್ಣಗಾಗಿತ್ತು.

ನಿಜಗುಣಪ್ಪ ಬಾನಿಯನ್ನು ನೋಡಿದ. ಹೆಂಡತಿಯ ಎದೆಯ ಏರಿಳಿತವನ್ನು ನೋಡಿದ. ಇಳಿತವೇ ಇರಲಿಲ್ಲ! ಏರುವುದು... ಅರ್ಧಕ್ಕೆ ಮತ್ತೆ ಏರುವುದು...

"ತಡಿ, ತಡಿ... ನಿನಗ ಉಸಿರು ಕಡಿಮಿ ಆಗಿಲ್ಲ. ಹೆಚ್ಚಾಗೈತಿ! ನೀ ಬರೇ ತಗೊಳ್ಳಾಕ ಹತ್ತೀ, ಬಿಡವಲ್ಲಿ. ಬಾನಿ ಬರಿದಾಗದ ಮತ್ತ ಇಳಿಸಿದ್ರ ಹೊಸ ನೀರು ಎಲ್ಲಿ ಹಿಡಸತೈತಿ?"

ಅವನು ಅವಳನ್ನು ಬೇವಿನ ಬೊಡ್ಡೆಗೆ ಒರಗಿಸಿ ಕೂರಿಸಿದ. ಆಮೇಲೆ ದೂರ ಹೋಗಿ ಹಗ್ಗ ಹಿಡಿದ.

"ನನ್ನ ನೋಡಬ್ಯಾಡ. ಎತ್ತು ನೋಡು. ಅವು ಇಳಿಯೂತನಾ ಉಸಿರು ಬಿಡು. ಬಾಯಿ ಸಣ್ಣ ಮಾಡಿ, ಮೆಲ್ಲಕ. ಅವು ಏರೂವಾಗ ಮೂಗಿಂದ ಚೂರಽ ತಗೋ. ಅವಸರ ಇಲ್ಲ. ಬಾವಿ ಎಲ್ಲೂ ಓಡಿಹೋಗೂದಿಲ್ಲ."

ಎತ್ತುಗಳು ಇಳಿದವು. ಅವನು ಹಾಡಿದ:

"ಇಳಿಯೋ ಬಸವಾ ಇಳಿಜಾರಿಗೆ... ಮೆಲ್ಲಕ... ಮೆಲ್ಲಕ..."

ಮೊದಲ ಸುತ್ತಿಗೆ ಅವಳಿಂದ ಆಗಲಿಲ್ಲ. ಎರಡನೆಯದಕ್ಕೆ ನಡುವೆ ತುಂಡಾಯಿತು. ಮೂರು... ನಾಲ್ಕು... ಎಂಟನೆಯ ಬಾನಿ ತೊಟ್ಟಿಗೆ ಬರಿದಾಗುವಾಗ ಅವಳ ಉಸಿರೂ ಪೂರಾ ಹೊರಗೆ ಹೋಯಿತು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಂಗೈ ತೆರೆಯಿತು.

ಅವಳು ಅಂಗೈಯನ್ನೇ ನೋಡುತ್ತ ಅತ್ತಳು. ಗಾಳಿಯಲ್ಲ, ದೆವ್ವವಲ್ಲ... ಶಿವನು ಕೊಟ್ಟ ಉಸಿರೇ ದಾರಿ ತಪ್ಪಿತ್ತು.

*

"ಇದು ಯಾವಾಗಿಂದ?" ಕೇಳಿದ ನಿಜಗುಣಪ್ಪ, ಬುತ್ತಿ ಬಿಚ್ಚದೆ.

"ಅವ್ವ ಹೋದಾಗಿಂದ. ಊರು ಬಿಟ್ಟು ಹೊಲದಾಗ ಗುಡಿಸಲು ಹಾಕಿದ್ವಿ. ಅವ್ವಗ ಪ್ಲೇಗಿನ ಗಂಟು ಎದ್ದಿತ್ತು. ಒಳಗ ಬಿಡಲಿಲ್ಲ ನನ್ನ. ಬಾಗಲದಾಗ ಮಂದಿ ನನ್ನ ಹಿಡಕೊಂಡಿದ್ರು. ನಾ ಅವ್ವಾ, ಅವ್ವಾ ಅಂತ ಕರದೆ. ಮೊದಲ ಓ ಅಂದ್ಳು. ಆಮ್ಯಾಲ... ಅನ್ನಲಿಲ್ಲ."

ಎತ್ತುಗಳ ಕೊರಳ ಗಂಟೆ ಸಣ್ಣಗೆ ಅಲುಗಿತು.

"ಆವತ್ತ ನಿಮ್ಮ ಬಾಗಲದಾಗೂ ಅಷ್ಟಽ ಮಂದಿ. ಹೆಸರು ಹಿಡದು ಕರಿ ಅಂದ್ರು. ಗಂಡನ ಹೆಸರು ಹೇಳಿದ್ರ ಆಯುಷ್ಯ ಕಡಿಮಿ ಅಂತಾರ ಬ್ಯಾರೆ. ನಾ ಬಾಗಲದಾಗ ನಿಂತು ಕರದವರು ಉಳದಿಲ್ರಿ... ನಿಮ್ಮನ್ನ ಹ್ಯಾಂಗ ಕರೀಲಿ?"

ಒಂದು ತಿಂಗಳು! ತನ್ನ ಹೆಸರು ಅವಳಿಗೆ ವಿಷವೆಂದು ನಿಜಗುಣಪ್ಪ ತಿಳಿದಿದ್ದ. ಆ ಹೆಸರನ್ನು ಅವಳು ಸಾವಿನಿಂದ ಮುಚ್ಚಿಟ್ಟಿದ್ದಳು.

"ನಾ ನಿನಗ ಬ್ಯಾಡ ಅಂತ ತಿಳಕೊಂಡಿದ್ದೆ, ಹುಚ್ಚಿ."

"ಮತ್ತ ನೀವು ಹಿಂದ ಸರದ್ರಲ್ಲ? ಎರಡು ಹೆಜ್ಜಿ!"

"ಎಣಿಸೀಯೇನ? ನಿನಗ ಗಾಳಿ ಬರ್ಲಿ ಅಂತ ಸರದೆ. ಎಲ್ಲಾರೂ ಮ್ಯಾಲ ಬಿದ್ದಿದ್ರಲ್ಲ."

ಅವಳು ಅಳುತ್ತಲೇ ನಕ್ಕಳು.

"ಒಮ್ಮೆ ಕರದು ನೋಡು. ನಾ ಓ ಅಂತೇನಿ" ಎಂದ.

ಅವಳು ತಲೆಯಾಡಿಸಿದಳು. "ಇವತ್ತ ಬ್ಯಾಡ."

"ಆತು. ತವರಿಗೆ ಹೋಗಿ ಬಾ. ಯಾರು ಕರೀದಿದ್ರೂ ನಾ ಬರತೇನಿ."

*

ತವರಿನಲ್ಲಿ ಅವಳು ದಿನವೂ ಬೀಸುವ ಕಲ್ಲಿನ ಮುಂದೆ ಕೂತು ಅಭ್ಯಾಸ ಮಾಡಿದಳು. ಹಾಡಿನ ಸಾಲು ಮುಗಿಯುವವರೆಗೆ ಉಸಿರು ಬಿಡುವುದು, ಕಲ್ಲು ತಿರುಗುವಾಗ ಸ್ವಲ್ಪ ತೆಗೆದುಕೊಳ್ಳುವುದು. ಎರಡು ಸಲ ಆ ಏದುಸಿರು ಮತ್ತೆ ಬಂತು. ಒಮ್ಮೆ ಅಣ್ಣ ಸೋಮಪ್ಪ ಬೀಸಣಿಗೆ ಹಿಡಿದು ಓಡಿ ಬಂದಾಗ, "ಅಣ್ಣಾ, ಬೀಸಬ್ಯಾಡ. ಸುಮ್ನ ಬಾಜೂಕ ಕುಂಡ್ರು" ಎಂದಳು. ಅವನು ಕೂತ. ಅದು ತಾನಾಗಿ ಇಳಿಯಿತು.

ಪಂಚಮಿ ಬಂತು. ಜೋಕಾಲಿ ಕಟ್ಟಿದರು, ಬಿಚ್ಚಿದರು. ಯಾರೂ ಬರಲಿಲ್ಲ. ಒಂದು ದಿನ... ಮೂರು ದಿನ... ಐದು ದಿನ...

'ಅವರ ಅವ್ವ ತಡದಿರಬೇಕು. ಇಲ್ಲಾ... ಅವರಿಗೇ ಬ್ಯಾಡಾದೆನೇನೋ...'

ಅಂಗೈಯಲ್ಲಿ ಲಿಂಗ ಹಿಡಿದು ಕೂತರೂ ಮನಸ್ಸು ಬಾಗಿಲಲ್ಲೇ.

ಆರನೆಯ ದಿನ ಬಾಗಿಲಲ್ಲಿ ಗಾಡಿ ನಿಂತಿತು. ನಿಜಗುಣಪ್ಪನಿಗೆ ಮೊಣಕಾಲಿನವರೆಗೆ ಕೆಸರು!

"ಹೊಳಿ ಬಂದಿತ್ತು. ನಾಕು ದಿನ ದಂಡಿ ಮ್ಯಾಲ ಕುಂತಿದ್ದೆ. ಈಸಬೇಕಂದ್ರ ಎತ್ತು ಒಲ್ಲೆ ಅಂದ್ವು."

*

ಅಂಗಳದಲ್ಲಿ ಮತ್ತೆ ಅದೇ ಮಂದಿ. ಹೊಸಿಲ ಮೇಲೆ ಅದೇ ಸೇರು. ಈ ಸಲ ಬಾಗಿಲಲ್ಲಿ ಕೆಂಚವ್ವ ತಾನೇ ನಿಂತಿದ್ದಳು.

"ಬರೂದಿದ್ರ ಮುಂಬಾಗಲಿಂದ ಬರ್ಲಿ. ಹೆಸರು ಹೇಳಿ ಬರ್ಲಿ. ಇಲ್ಲಂದ್ರ ಗಾಡಿ ತಿರುಗಸು."

ಸಿದ್ದಲಿಂಗವ್ವನ ತುಟಿಯ ಸುತ್ತ ಜುಮ್ಮೆಂದಿತು. ಉಸಿರು ಒಂದರ ಮೇಲೊಂದು ಏರತೊಡಗಿತು. ಕಿರುಬೆರಳು ಮಡಚಿತು.

"ನೋಡ್ರಿ, ಬಂತು! ಬೀಸ್ರಿ!"

"ಯಾರೂ ಹತ್ರ ಬರಬ್ಯಾಡ್ರಿ" ಎಂದ ನಿಜಗುಣಪ್ಪ. ತಾನೂ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಆ ಎರಡು ಹೆಜ್ಜೆಯನ್ನು ಈ ಸಲ ಗುರುತಿಸಿದಳು. ನಗು ಬಂತು, ಇಷ್ಟೇ ಇಷ್ಟು.

ಅವನು ತುಂಬಿದ ಅಂಗಳದಲ್ಲಿ, ನಾಚಿಕೆ ಬಿಟ್ಟು, ಬಾವಿಯ ಹಾಡು ಗುನುಗಿದ.

"ಇಳಿಯೋ ಬಸವಾ... ಮೆಲ್ಲಕ..."

"ಅಣ್ಣಗೂ ಬಡೀತು ಗಾಳಿ!" ಎಂದಳು ಕಾಡವ್ವ. ಯಾರೂ ನಗಲಿಲ್ಲ.

ಸಿದ್ದಲಿಂಗವ್ವ ಕಣ್ಣು ಮುಚ್ಚಲಿಲ್ಲ. ಉಸಿರು ಬಿಟ್ಟಳು. ಇನ್ನೂ ಬಿಟ್ಟಳು. ಬಾನಿ ಬರಿದಾಗುವ ತನಕ ಬಿಟ್ಟಳು. ಒಮ್ಮೆ, ಎರಡು ಸಲ, ಆರು ಸಲ. ಮಂದಿ ಕಾದರು. ಕಿರುಬೆರಳು ಬಿಚ್ಚಿತು.

"ತುಂಬಿದ ಬಾನಿ ತೊಟ್ಟಿಗೆ ಬರಿದಾಗಲಿ..." ನಡುವೆ ನಿಂತಳು. ಚೂರು ಉಸಿರು ತೆಗೆದುಕೊಂಡಳು. "ನಿಜಗುಣಪ್ಪನ ಉಸಿರಿಗೆ ನನ್ನ ಉಸಿರು ಜೊತೆಯಾಗಲಿ!"

ಕರೆದಾಯಿತು... ಬಾಗಿಲಲ್ಲಿ ನಿಂತು, ಹೆಸರು ಹಿಡಿದು...

"ಓ!" ಬೆನ್ನ ಹಿಂದಿನಿಂದ ದನಿ ಬಂತು. "ಇಲ್ಲೇ ಅದೇನಿ!"

ಗಂಡ ಓ ಎನ್ನುವ ಪದ್ಧತಿ ಯಾವ ಒಡಪಿನಲ್ಲೂ ಇರಲಿಲ್ಲ. ಕೆಂಚವ್ವ ಮಗನನ್ನು ನೋಡಿದಳು, ಸೊಸೆಯ ತೆರೆದ ಅಂಗೈಯನ್ನು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲಿನಿಂದ ಸರಿದಳು.

"ಬಾರವ್ವಾ. ದೀಪಾ ಹಚ್ಚೂ ಹೊತ್ತಾತು."

ಆಮೇಲೂ ಆ ಏದುಸಿರು ಬಂದದ್ದುಂಟು, ವರ್ಷಕ್ಕೆ ಒಮ್ಮೆಯೋ ಎರಡು ಸಲವೋ. ಬಂದಾಗ ಆ ಮನೆಯಲ್ಲಿ ಯಾರೂ ಗಾಬರಿಯಿಂದ ಓಡಾಡುತ್ತಿರಲಿಲ್ಲ. ಕೆಂಚವ್ವನೇ ಬಾಗಿಲ ಮಂದಿಯನ್ನು ಗದರಿಸಿ ಸರಿಸುತ್ತಿದ್ದಳು.

ಹೆಸರು ಹೇಳಿದ ಆ ಸಂಜೆ ಸಿದ್ದಲಿಂಗವ್ವ ಮೊದಲ ಸಲ ದೇವರ ಕೋಣೆಯಲ್ಲಿ ದೀಪ ಹಚ್ಚಿದಳು. ಹಣೆಗೆ ವಿಭೂತಿ ಇಟ್ಟು ತಿರುಗಿದರೆ ಅವನು ಬಾಗಿಲಲ್ಲಿ ನಿಂತಿದ್ದ.

ಅವಳು ಅತ್ತ ಇತ್ತ ನೋಡಿದಳು. ಮೆಲ್ಲಗೆ, ಬರೀ ತುಟಿಯಲ್ಲಿ:

"ನಿಜಗುಣಪ್ಪಾ..."

"ಓ. ಏನು ಬೇಕಿತ್ತು?"

"ಏನಿಲ್ಲ. ಅದೀರೇನಂತ ನೋಡಿದೆ."

"ಕಾಡವ್ವ ಕೇಳಿದ್ರ ಊರೆಲ್ಲಾ ಸಾರ್ತಾಳ, ಗಂಡನ್ನ ಹೆಸರು ಹಿಡದು ಕರೀತಾಳ ಅಂತ."

"ಸಾರಲಿ... ಇನ್ನೊಮ್ಮೆ ಕರೀಲೇನ್ರಿ?"

"ಕರಿ" ಎಂದ ಅವನು, ಅವಳ ತೆರೆದ ಅಂಗೈಯಲ್ಲಿ ತನ್ನ ಕೈಯಿಡುತ್ತ. "ಅವಸರ ಇಲ್ಲ."